ದುಭಾಷಿಯ ಬಲಗಾಲು

ನಿಯಮ ಹೀಗಿದೆ: ಅವಳು ‘ನಾನು’ ಎಂದರೆ
ನಾನೂ ‘ನಾನು’ ಎನ್ನಬೇಕು.
‘ಹಾಗಂತ ಆಕೆ ಹೇಳುತ್ತಾಳೆ’ ಎಂದು ಬಾಲ ಹಚ್ಚುವಂತಿಲ್ಲ.
ಕೂಡಿಸುವಂತಿಲ್ಲ, ಕಳೆಯುವಂತಿಲ್ಲ,
ಅಳು ಬಂದರೆ ಅದು ಅವಳದು.
ನನಗೆ ಗಂಟೆಗಿಷ್ಟು ಎಂದು ಕೂಲಿ.

ಹೆಸರು ಹೇಳುವಂತೆಯೂ ಇಲ್ಲ.
ಲೆತೆಬ್ರಹಾನ್ ಅಂತಿಟ್ಟುಕೊಳ್ಳಿ, ಎರಿಟ್ರಿಯಾದ ಕೆರೆನ್ ಊರಿನವಳು.
ಈಗ ನಾರ್ವೆಯ ಆಲ್ತಾ.
ಡಿಸೆಂಬರು. ಸೂರ್ಯ ರಜೆ ಹಾಕಿ ಹೋಗಿದ್ದಾನೆ,
ಮಧ್ಯಾಹ್ನ ಹನ್ನೆರಡಕ್ಕೆ ಬೀದಿದೀಪ.

‘ನಿದ್ದೆ ಹೇಗಿದೆ? ಹತ್ತಕ್ಕೆ ಎಷ್ಟು?’
ಕೇಳುತ್ತಾಳೆ ಇಂಗ್ವಿಲ್, ಮನಸ್ಸಿನ ಡಾಕ್ಟರು,
ಮೆತ್ತನೆಯ ಹುಡುಗಿ, ಉಣ್ಣೆಯ ಕಾಲುಚೀಲ.
‘ಏಳು,’ ಎನ್ನುತ್ತಾಳೆ ಅವಳು. ‘ಏಳು,’ ಎನ್ನುತ್ತೇನೆ ನಾನು.
ನಾಲ್ಕು ಎಂದರೆ ಮಾತ್ರೆ, ಹತ್ತು ಎಂದರೆ ಅನುಮಾನ.
ಏಳು ಎಂದರೆ ಮುಂದಿನ ಪ್ರಶ್ನೆ ಬರುವುದಿಲ್ಲ,
ಇದು ನಮ್ಮವರಿಗೆಲ್ಲ ಗೊತ್ತು.

ಬಗ್ಗಿಸಿದರೂ ಮುರಿಯದೆ ಮತ್ತೆ ನೆಟ್ಟಗಾಗುವ ಗುಣಕ್ಕೆ
ಇವರ ಭಾಷೆಯಲ್ಲೊಂದು ನುಣುಪಾದ ಪದವಿದೆ.
ಇಂಗ್ವಿಲ್ ಅದನ್ನು ಮೇಜಿನ ಮೇಲಿಟ್ಟಳು.
ಟಿಗ್ರಿನ್ಯಾದಲ್ಲಿ ತಡಕಾಡಿ ನಾನು
‘ಬಿದ್ದವಳು ಹೇಗೆ ಎದ್ದೆ?’ ಎಂದೆ.
ಲೆತೆಬ್ರಹಾನ್ ನಕ್ಕಳು:
‘ಎದ್ದೆ ಅಂತ ಯಾರಂದರು? ಜಾರಿದೆ. ಕೇಳಿ.’

ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಮೈ ಒರೆಸುವ ಕೆಲಸ,
ಅದಕ್ಕೆ ಲೈಸೆನ್ಸು ಬೇಕು. ಲೈಸೆನ್ಸಿಗೆ
ಈ ದೇಶದಲ್ಲಿ ಜಾರುವುದನ್ನು ಕಲಿಯಬೇಕು.
ನೀರು ಹೊಯ್ದು ಗಾಜಾಗಿಸಿದ ಮೈದಾನ,
ನಟ್ಟನಡುವೆ ರಬ್ಬರಿನ ಹಿಮಸಾರಂಗ.
ಪಕ್ಕದಲ್ಲಿ ಒಡ್ವಾರ್ ಮೇಷ್ಟ್ರು:
‘ಜೋರಾಗಿ ಬಾ. ಜಾರಿದಾಗ ಬ್ರೇಕ್ ಒತ್ತಬೇಡ.
ಸಾರಂಗವನ್ನು ನೋಡಬೇಡ, ನೋಡಿದ ಕಡೆಗೇ ಹೋಗುತ್ತೆ ಗಾಡಿ.
ಹೋಗಬೇಕಾದ ಕಡೆ ನೋಡು.’

ಮೂರು ಸಲ ಒತ್ತಿದೆ.
ಮೂರು ಸಲ ಸಾರಂಗವನ್ನು ಕೆಡವಿದೆ.
ಒಡ್ವಾರ್ ಇಳಿದು ಅದನ್ನೆತ್ತಿ ನಿಲ್ಲಿಸಿ ಬಂದು
‘ಹೆದರಿಕೆಯೇ?’ ಎಂದ.
ಹೆದರಿಕೆಯಲ್ಲ.

ಲಿಬಿಯಾದ ದಾರಿ. ಪಿಕಪ್ಪಿನ ಬೆನ್ನ ಮೇಲೆ ಇಪ್ಪತ್ತೊಂಬತ್ತು ಜನ.
ಅಂಚಿನವರಿಗೆ ತೊಡೆಸಂದಿಯಲ್ಲಿ ಸಿಕ್ಕಿಸಿದ
ಒಂದೊಂದು ಕೋಲು, ಅದೇ ದೇವರು.
ರಿಗ್ಬೆಯ ಕೋಲು ಮುರಿಯಿತು.
ಒಂದು ಚಪ್ಪಲಿ ನನ್ನ ಮಡಿಲಲ್ಲಿ ಉಳಿಯಿತು.
ಬ್ರೇಕ್ ಒತ್ತು, ಬ್ರೇಕ್ ಒತ್ತು ಎಂದು ಕೂಗಿದೆ,
ತಗಡು ಬಡಿದೆ, ಬಾಯ್ತುಂಬ ಮರಳು.
ಅವನು ಒತ್ತಲಿಲ್ಲ.
ಅಂದಿನಿಂದ ನನ್ನ ಕಾಲೇ ಒತ್ತುತ್ತಿದೆ,
ಹಾಸಿಗೆಯಲ್ಲಿ, ಚರ್ಚಿನಲ್ಲಿ, ಅಂಗಡಿಯ ಸಾಲಿನಲ್ಲಿ.

ಇಲ್ಲಿ ನಾನು ನಿಲ್ಲಿಸಿದೆ. ನಾನು ಎಂದರೆ ನಾನು.
ನೀರು ಕುಡಿದೆ. ನೀರಿಗೆ ಅನುಮತಿಯಿದೆ.
ಇಂಗ್ವಿಲ್ ನನ್ನತ್ತ ನೋಡಲಿಲ್ಲ, ಅದೂ ನಿಯಮವೇ.

ನಾಲ್ಕನೇ ಸಲ ಗಾಡಿ ಜಾರಿತು,
ಕಾಲು ಹಾಗೇ ಎದ್ದಿತು.
ಅದಕ್ಕೆ ಹೇಳಿದೆ, ರಚ್ಚೆ ಹಿಡಿದ ಮಗುವಿಗೆ ಹೇಳುವಂತೆ:
ತಡಿ, ಅವಳು ಬಿದ್ದದ್ದು ಈ ರಸ್ತೆಯಲ್ಲಲ್ಲ.
ತಡೆಯಿತು.
ಸಾರಂಗದ ಮೂತಿ ಕನ್ನಡಿಯನ್ನು ಸವರಿತು, ಅಷ್ಟೆ.
ಒಡ್ವಾರ್ ಚಪ್ಪಾಳೆ ತಟ್ಟಿದ. ನಾನು ಇಳಿದು ವಾಂತಿ ಮಾಡಿದೆ.
ಐದನೇ ಸಲ ಮತ್ತೆ ಒತ್ತಿಬಿಟ್ಟೆ.
ಆರನೆಯದಕ್ಕೆ ಪಾಸು.

ಇಂಗ್ವಿಲ್ ಏನೋ ಬರೆದುಕೊಂಡಳು,
ಬಹುಶಃ ಆ ನುಣುಪಾದ ಪದವನ್ನೇ.

ಹೊರಗೆ ಮೈನಸ್ ಹದಿನಾಲ್ಕು. ನನ್ನ ಬಸ್ಸು ಹೋಗಿಯಾಗಿತ್ತು.
‘ಹತ್ತು ಅಣ್ಣಾ,’ ಎಂದಳು ಕಾರಿನ ಬಾಗಿಲು ತೆರೆದು.
ಅದಕ್ಕೂ ಒಂದು ನಿಯಮವಿದೆ.
ಹತ್ತಿದೆ.

ಆಸ್ಪತ್ರೆಯ ಇಳಿಜಾರಿನಲ್ಲಿ ಹಿಂದಿನ ಚಕ್ರ
ಸುಮ್ಮನೆ ಪಕ್ಕಕ್ಕೆ ಸರಿಯಿತು.
ಅವಳು ದೂರದ ಸೇತುವೆಯ ದೀಪ ನೋಡುತ್ತ
ಮಗಳ ಶಾಲೆಗೆ ಹೊಸ ಬೂಟು ಕೊಳ್ಳಬೇಕಾದ ಮಾತು
ಆಡುತ್ತಲೇ ಇದ್ದಳು. ಗಾಡಿ ನೆಟ್ಟಗಾಯಿತು.

ಪಕ್ಕದ ಸೀಟಿನವನಿಗೆ ಪೆಡಲು ಇರುವುದಿಲ್ಲ,
ಬರೀ ರಬ್ಬರಿನ ಚಾಪೆ.
ಅದನ್ನು ನನ್ನ ಬಲಗಾಲು
ಇಡೀ ದಾರಿ ಒತ್ತಿಕೊಂಡೇ ಇತ್ತು.